ಒಂದಿಂಚು ಟೈಟ್ ಇಡ್ರಿ ಅನ್ನೋರಿಗೆ: ದಪ್ಪ ಮೈ ಇಟ್ಕೊಂಡೇ ಎಕ್ಸರ್‌ಸೈಜ್ ಶುರು ಮಾಡೋದು ಹೆಂಗೆ

ದಾವಣಗೆರೇಲಿ 18 ವರ್ಷದಿಂದ ಬ್ಲೌಸು, ಚೂಡಿದಾರ ಹೊಲೀತಾ ಇದೀನಿ. ಟೇಪ್ ಹಿಡ್ದು ಎದುರಿಗೆ ನಿಂತ ತಕ್ಷಣ ಮುಕ್ಕಾಲು ಜನ ಹೆಣ್ಮಕ್ಕಳು ಉಸಿರು ಮೇಲಕ್ಕೆಳ್ಕೊಂಡು ಹೊಟ್ಟೆ ಒಳಗೆ ಮಾಡ್ಕೊಂಡ್ ಬಿಡ್ತಾರೆ, ಆಮೇಲೆ "ಅಕ್ಕಾ, ಒಂದಿಂಚು ಟೈಟೇ ಇಡ್ರಿ, ಮುಂದಿನ ತಿಂಗ್ಳಿಂದ ವಾಕಿಂಗ್ ಹೋಗ್ತೀನಿ, ಸಣ್ಣ ಆಗ್ತೀನಿ" ಅಂತಾರೆ. ನಾನು ಹೂಂ ಅಂತೀನಿ, ಆದ್ರೆ ಒಳಗಡೆ ಎರಡಿಂಚು ಮಾರ್ಜಿನ್ ಬಿಟ್ಟೇ ಹೊಲೀತೀನಿ, ಯಾಕಂದ್ರೆ ಮುಂದಿನ ತಿಂಗ್ಳು ಬಂದು ಹೊಲಿಗೆ ಬಿಚ್ಚಿಸ್ಕೊಂಡು ಹೋಗೋರೂ ಅವ್ರೇ. ಆಡ್ಕೊಂಡು ನಗ್ತಿಲ್ಲ ಮತ್ತೆ, ನಾನೂ ಅದೇ ಗಿರಾಕಿ. ಮದ್ವೇಲಿ 61 ಕೆಜಿ ಇದ್ದೆ, ಈಗ 94, ನನ್ನ ಬೀರುವಿನ ಕೆಳಗಿನ ಖಾನೇಲಿ "ಸಣ್ಣ ಆದ್ಮೇಲೆ ಹಾಕ್ಕೊಂಡ್ರಾಯ್ತು" ಅಂತ ಎತ್ತಿಟ್ಟ ಬ್ಲೌಸು ಇನ್ನೂ ಇದಾವೆ.

ಬ್ಲೌಸಾದ್ರೆ ಬೀರೂಲಿ ಇರುತ್ತೆ, ತೊಂದ್ರೆ ಇಲ್ಲ. ನಾವು ನಡೆಯೋದನ್ನೂ ಹಂಗೇ ಎತ್ತಿಟ್ಟಿರ್ತೀವಲ್ಲ, ಅದೇ ಬೇಜಾರು. ಸಣ್ಣ ಆದ್ಮೇಲೆ ಜಿಮ್ಮಿಗೆ ಹೋಗ್ತೀನಿ, ಸಣ್ಣ ಆದ್ಮೇಲೆ ಟ್ರ್ಯಾಕ್ ಪ್ಯಾಂಟ್ ತಗೊಂತೀನಿ, ಸಣ್ಣ ಆದ್ಮೇಲೆ ಈಜು ಕಲೀತೀನಿ. ನಾನು ಮೂರು ವರ್ಷದ ಹಿಂದೆ ಶುರು ಮಾಡಿದ್ದು ಸಣ್ಣ ಆಗೋಕಲ್ಲ, ಮಾಡಿ (ಟೆರೇಸ್) ಮೇಲೆ ಬಟ್ಟೆ ಒಣಗಾಕಕ್ಕೆ ಹೋದ್ರೆ ಎರಡನೇ ಮಹಡಿಗೇ ಗೋಡೆ ಹಿಡ್ಕೊಂಡು ನಿಲ್ಬೇಕಾಗ್ತಿತ್ತು, ದಿನಪೂರ್ತಿ ಮಿಷಿನ್ ಮುಂದೆ ಬಗ್ಗಿ ಕೂತು ಸೊಂಟ ಬೇರೆ ಹಿಡ್ಕಂಡಿತ್ತು. ಆಗ 97 ಇದ್ದೆ. ಮೂರು ವರ್ಷ ಮಾಡಿ ಮೂರು ಕೆಜಿ, ಅಂದ್ರೆ ತೂಕದ ಮಿಷಿನ್ ಲೆಕ್ಕದಲ್ಲಿ ನಾನು ಫೇಲು. ಆದ್ರೆ ಇವತ್ತು ಹಿಂಡಿದ ಬಟ್ಟೆ ತುಂಬಿದ ಬಕೆಟ್ ಹಿಡ್ಕೊಂಡು ನಿಲ್ದೆ ಮಾಡಿಗೆ ಹೋಗ್ತೀನಿ, ಬಿಪಿ ಇಳ್ದಿದೆ, ರಾತ್ರಿ ಮಲಗಿದ್ರೆ ನಿದ್ದೆ ಬರುತ್ತೆ. ತೂಕ ಇಳ್ಸೋ ಉಪಾಯ ಹುಡುಕ್ಕೊಂಡು ಬಂದಿದ್ರೆ ಇಲ್ಲಿ ಅದು ಸಿಗಲ್ಲ, ಇರೋ ಮೈನ ಹೆಂಗೆ ಓಡಾಡಿಸ್ಬೇಕು ಅನ್ನೋದು ಮಾತ್ರ ಸಿಗುತ್ತೆ.

ಮೊದ್ಲು ಯಾವ ಅಳತೆ ನೋಡ್ಬೇಕು

ಬಿಎಂಐ ಅಂತ ಒಂದಿದೆಯಲ್ಲ, ತೂಕಾನ ಎತ್ತರದ ವರ್ಗದಿಂದ ಭಾಗ್ಸೋ ಲೆಕ್ಕ, ಅದನ್ನ ಹಾಕಿದ್ದು ಡಾಕ್ಟರೇ ಅಲ್ಲ. ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಅಂತ, ನಕ್ಷತ್ರ ನೋಡ್ಕೊಂಡು ಅಂಕಿಅಂಶದ ಲೆಕ್ಕ ಮಾಡ್ಕೊಂಡಿದ್ದ ಪಂಡಿತ, 1830ರ ದಶಕದಲ್ಲಿ ಊರಿನ ಸರಾಸರಿ ಮನುಷ್ಯ ಹೆಂಗಿರ್ತಾನೆ ಅಂತ ನೋಡೋಕೆ ಮಾಡ್ಕೊಂಡಿದ್ದು, ಯಾರ ಆರೋಗ್ಯ ಹೆಂಗಿದೆ ಅಂತ ಹೇಳೋಕಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಅಂತ ಹೆಸರಿಟ್ಟ ಮೇಲೆ ಎಲ್ಲಾ ಕಡೆ ನುಗ್ತು. ನಮ್ಮ ಟೈಲರ್ ಭಾಷೇಲಿ ಹೇಳೋದಾದ್ರೆ ಅದು ಫ್ರೀ ಸೈಜ್ ನೈಟಿ. ಅಂಗಡಿಯೋನಿಗೆ ಅನುಕೂಲ, ಹಾಕ್ಕೊಳ್ಳೋರಿಗೆ ಭುಜದಿಂದ ಜಾರ್ತಿರುತ್ತೆ. ಮಾಂಸ ಯಾವ್ದು, ಕೊಬ್ಬು ಯಾವ್ದು, ಕೊಬ್ಬು ಎಲ್ಲಿ ಕೂತಿದೆ, ಏನೂ ಅದಕ್ಕೆ ಗೊತ್ತಾಗಲ್ಲ.

ಹಂಗಂತ ಅಳತೆ ಎಲ್ಲಾ ಸುಳ್ಳು ಅಂತ ಜಾರ್ಕೊಳ್ಳೋದೂ ಸರಿ ಅಲ್ಲ. ನಮ್ಮ ಕಡೆ ಜನಕ್ಕೆ ಯುರೋಪಿನವ್ರಿಗಿಂತ ಕಮ್ಮಿ ತೂಕದಲ್ಲೇ ಶುಗರ್ ಬರೋ ಸ್ವಭಾವ ಇದೆ, ಕೊಬ್ಬು ಹೊಟ್ಟೆ ಸುತ್ತ ಕೂರೋದು ಜಾಸ್ತಿ, ಅದಕ್ಕೇ ನಮ್ಮ ದೇಶದಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ರೆ ಒಂದ್ಸಲ ರಕ್ತ ಪರೀಕ್ಷೆ ಮಾಡ್ಸಿ ಅಂತಾರೆ. ಟೇಪ್ ಹಿಡಿಯೋದು ಲಂಗ ಕಟ್ಟೋ ಜಾಗದಲ್ಲಲ್ಲ, ಪಕ್ಕೆಲುಬಿನ ಕೊನೆ ಮೂಳೆಗೂ ಸೊಂಟದ ಮೂಳೆ ಮೇಲ್ತುದಿಗೂ ನಡುವೆ, ಉಸಿರು ಬಿಟ್ಟಾದ್ಮೇಲೆ, ಹೊಟ್ಟೆ ಒಳಗೆ ಎಳ್ಕೊಳ್ದೆ. 80 ದಾಟಿತು ಅಂದ್ರೆ ಅಳ್ತಾ ಕೂರೋದಲ್ಲ, ಬಿಪಿ, ಶುಗರ್ (ಮೂರು ತಿಂಗ್ಳ ಸರಾಸರಿ ಹೇಳೋ ಎಚ್‌ಬಿಎ1ಸಿ ಕೂಡ), ಕೊಲೆಸ್ಟ್ರಾಲ್, ಥೈರಾಯ್ಡ್ ನೋಡ್ಸಿ. ನಮ್ಮ ಬೀದೀಲಿ ಕಡ್ಡಿ ಹಂಗಿರೋ ಒಬ್ರಿಗೆ ಶುಗರ್ 300 ಬಂದು ಗಾಯ ಒಣಗ್ದೇ ಇದ್ದಾಗ್ಲೇ ಗೊತ್ತಾಗಿದ್ದು, ಪಾಪ "ನೀವು ಸಣ್ಣಗಿದೀರಲ್ಲ" ಅಂತ ಯಾರೂ ಪರೀಕ್ಷೆ ಮಾಡ್ಸೋಕೇ ಹೇಳಿರ್ಲಿಲ್ಲ.

ಇನ್ನೊಂದು ವಿಷ್ಯ ನಂಗೆ ಧೈರ್ಯ ಕೊಟ್ಟಿದ್ದು. ಅಮೆರಿಕದ ಡಲ್ಲಾಸ್ ಊರಲ್ಲಿ ಕೂಪರ್ ಇನ್‌ಸ್ಟಿಟ್ಯೂಟ್ ಅಂತ ಇದೆ, ಅಲ್ಲಿ ಸ್ಟೀವನ್ ಬ್ಲೇರ್ ಅನ್ನೋರು ಸಾವಿರಾರು ಜನರನ್ನ ಟ್ರೆಡ್‌ಮಿಲ್ ಹತ್ತಿಸಿ ಎಷ್ಟು ದಮ್ಮಿದೆ ಅಂತ ಅಳೆದು, ವರ್ಷಗಟ್ಟಲೆ ಅವ್ರ ಲೆಕ್ಕ ಇಟ್ರು. ದಪ್ಪಗಿದ್ದು ದಮ್ಮಿರೋರಿಗಿಂತ ಸಣ್ಣಗಿದ್ದು ದಮ್ಮಿಲ್ಲದೋರಲ್ಲೇ ಸಾವಿನ ಪ್ರಮಾಣ ಜಾಸ್ತಿ ಕಾಣ್ತು. ಬ್ಲೇರ್ ಅವ್ರೇ ಕುಳ್ಳಗೆ ದಪ್ಪಗೆ ಇದ್ದು ದಿನಾ ಓಡ್ತಿದ್ದ ಮನುಷ್ಯ. ದಪ್ಪ ಇದ್ರೆ ಏನೂ ಆಗಲ್ಲ ಅನ್ನೋ ಅರ್ಥ ಇದಕ್ಕಿಲ್ಲ, ತೂಕ ಇಳೀದೇ ಇದ್ರೂ ಮೈ ದುಡಿಸಿದ್ದು ದಂಡ ಆಗಲ್ಲ ಅಂತ ಅಷ್ಟೇ.

ಎದೆ ನೋವು, ನಾಲ್ಕು ಹೆಜ್ಜೆಗೇ ಉಸಿರು ಕಟ್ಟೋದು, ತಲೆ ಸುತ್ತಿ ಬೀಳೋ ಹಂಗಾಗೋದು, ಕಾಲು ಊದೋದು ಇದ್ರೆ ಮೊದ್ಲು ಡಾಕ್ಟರ್ ಹತ್ರ, ಆಮೇಲೆ ಬೂಟು. ಶುಗರ್‌ಗೆ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತಗೊಳ್ಳೋರಿಗೆ ನಡೆಯೋವಾಗ ಶುಗರ್ ಇಳ್ದು ಬೆವರು ಬಂದು ಕೈ ನಡುಗ್ಬಹುದು, ಜೇಬಲ್ಲಿ ಸಕ್ಕರೆ ಅಥವಾ ಪೆಪ್ಪರ್‌ಮಿಂಟ್ ಇಟ್ಕೊಂಡೇ ಹೊರಡಿ, ಮಾತ್ರೆ ಬರ್ಕೊಟ್ಟೋರಿಗೆ "ನಡೆಯೋಕೆ ಶುರು ಮಾಡ್ತಿದೀನಿ" ಅಂತ ಒಂದು ಮಾತು ಹೇಳಿರಿ.

ಬಟ್ಟೆ, ಇದು ನನ್ನ ಏರಿಯಾ

ಯಾವ ಯೂಟ್ಯೂಬ್‌ನೋರೂ ಇದನ್ನ ಸರಿಯಾಗಿ ಹೇಳಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ದಪ್ಪ ಇರೋರು ವಾಕಿಂಗ್ ಬಿಟ್ಟು ಬಿಡೋದು ಸೋಮಾರಿತನಕ್ಕೆ ಅಂತ ಎಲ್ಲಾ ಅಂದ್ಕೊಂಡಿದಾರೆ, ನನ್ನ ಗಿರಾಕಿಗಳನ್ನ ಕೇಳಿ ನೋಡಿದ್ರೆ ಅರ್ಧಕ್ಕರ್ಧ ಬಟ್ಟೆ ಕಾಟಕ್ಕೆ ಬಿಟ್ಟಿರ್ತಾರೆ. ಮೂರನೇ ದಿನಕ್ಕೆ ತೊಡೆ ಉಜ್ಜಿ ಕೆಂಪಾಗಿ ಉರಿ. ಯಾರಿಗೂ ಹೇಳೋಕೆ ನಾಚಿಕೆ, ಸುಮ್ನೆ "ಮೈ ಸರಿ ಇಲ್ಲ" ಅಂತ ಮನೇಲಿ ಕೂರೋದು.

ದಾವಣಗೆರೆ ಹತ್ತಿ ಮಿಲ್ಲಿನ ಊರು, ಮ್ಯಾಂಚೆಸ್ಟರ್ ಅಂತ ಕರೀತಿದ್ರು, ಹತ್ತಿ ಬಟ್ಟೆಗೆ ಬೈದ್ರೆ ನಮ್ಮಜ್ಜ ಎದ್ದು ಬರ್ತಾರೆ, ಆದ್ರೂ ಹೇಳ್ತೀನಿ: ತೊಡೆ ಜಾಗಕ್ಕೆ ಹತ್ತಿ ಬಟ್ಟೆ ಬೇಡ. ಬೆವರು ಕುಡ್ದು ಒದ್ದೆ ಆಗೇ ಇರುತ್ತೆ, ಒದ್ದೆ ಬಟ್ಟೆ ಉಜ್ಜಿದಷ್ಟೂ ಗಾಯ. ಒಳಗೆ ಮೊಣಕಾಲಿನ ಮೇಲಿನವರೆಗೆ ಬರೋ ಲೈಕ್ರಾ ಶಾರ್ಟ್ಸ್ ಹಾಕ್ಕೊಳ್ಳಿ, ಮೇಲೆ ನಿಮ್ಮ ಚೂಡಿದಾರನೋ ಸೀರೆನೋ ಏನಾದ್ರೂ ಇರ್ಲಿ. ಕೊಳ್ಳೋವಾಗ ಬಟ್ಟೆನ ಉದ್ದಕ್ಕೂ ಎಳ್ದು ನೋಡಿ, ಅಡ್ಡಕ್ಕೂ ಎಳ್ದು ನೋಡಿ, ಎರಡೂ ಕಡೆ ಹಿಗ್ಗಿದ್ರೆ ಮಾತ್ರ ತಗೊಳ್ಳಿ. ಅಂಗಡೀಲೇ ಒಂದ್ಸಲ ಬಗ್ಗಿ ಕೂತು ಏಳಿ, ಸೊಂಟದಿಂದ ಕೆಳಗೆ ಸುರುಳಿ ಸುತ್ಕೊಂಡು ಜಾರಿದ್ರೆ ಎಲಾಸ್ಟಿಕ್ ಅಗಲ ಸಾಲ್ದು ಅಂತ ಅರ್ಥ, ಮೂರು ಬೆರಳಗಲ ಪಟ್ಟಿ ಇರೋದು ನಿಲ್ಲುತ್ತೆ. ದುಡ್ಡಿಲ್ಲ ಅಂದ್ರೆ ತೊಡೆ ಒಳಭಾಗಕ್ಕೆ ವ್ಯಾಸಲೀನ್ ಸವರ್ಕೊಂಡು ಹೋಗಿ, ಕೊಬ್ರಿ ಎಣ್ಣೆನೂ ಆಗುತ್ತೆ, ಆದ್ರೆ ಬಟ್ಟೆಗೆ ಕಲೆ ಆಗುತ್ತೆ ಮತ್ತು ಬೇಗ ಹೀರ್ಕೊಂಡು ಹೋಗುತ್ತೆ.

ಪ್ಯಾಂಟ್ ಹೊಲಿಸೋದಾದ್ರೆ ನಿಮ್ಮ ಟೈಲರ್‌ಗೆ ಹಿಂಗೆ ಹೇಳಿ: ಎರಡು ಕಾಲು ಸೇರೋ ಜಾಗದಲ್ಲಿ ನಾಲ್ಕೂ ಹೊಲಿಗೆ ಒಂದೇ ಕಡೆ ಬಂದು ಗಂಟಾಗ್ಬಾರ್ದು, ಅಲ್ಲೊಂದು ಅಂಗೈಯಷ್ಟು ಚೌಕದ ತುಂಡು ಕೂರ್ಸಿ ಕೊಡ್ರಿ. ಅದೊಂದು ತುಂಡಿಂದ ಪ್ಯಾಂಟ್ ಹರಿಯೋದೂ ತಪ್ಪುತ್ತೆ, ಉಜ್ಜೋದೂ ಕಮ್ಮಿ ಆಗುತ್ತೆ, ಕಾಲು ಅಗಲಿಸಿ ಬಸ್ಕಿ ಹೊಡಿಯೋಕೂ ಆಗುತ್ತೆ. ಕುರ್ತಾಗೆ ಪಕ್ಕದ ಸೀಳು ಸ್ವಲ್ಪ ಮೇಲಿಂದ್ಲೇ ಕೊಡ್ಸಿ, ಕಂಕುಳ ಹತ್ರ ಎರಡಿಂಚು ಧಾರಾಳ ಇರ್ಲಿ, ಕೈ ಎತ್ತಿದ್ರೆ ಇಡೀ ಕುರ್ತಾ ಜೊತೆಗೇ ಎದ್ದು ಬರ್ಬಾರ್ದು. ಎದೆ ಭಾರ ಇರೋರು ಸ್ಪೋರ್ಟ್ಸ್ ಬ್ರಾಗೆ ದುಡ್ಡು ಉಳಿಸ್ಬೇಡಿ, ಇದನ್ನ ನನ್ನಂಥ ಟೈಲರ್ ಹತ್ರ ಹೊಲಿಸೋಕೂ ಬರ್ಬೇಡಿ, ನಮ್ಮ ಮಿಷಿನ್‌ಗೆ ಅದು ಬಗ್ಗಲ್ಲ. ಭುಜದ ಪಟ್ಟಿ ಅಗಲ ಇರೋದು, ಕೆಳಗಿನ ಪಟ್ಟಿಗೆ ಹಿಂದೆ ಕೊಕ್ಕೆ ಇರೋದು ನೋಡಿ. ಹಾಕ್ಕೊಂಡು ನಿಂತಲ್ಲೇ ಎರಡು ಸಲ ಜಿಗೀರಿ, ನಾಚಿಕೆ ಪಡ್ಬೇಡಿ, ಟ್ರಯಲ್ ರೂಮ್ ಇರೋದೇ ಅದಕ್ಕೆ.

ಎದೆ ಕೆಳಗೆ, ಹೊಟ್ಟೆ ಮಡಿಕೆ ಕೆಳಗೆ ಬೆವರು ನಿಂತು ತುರಿಕೆ ಆಗೋದು ನಮ್ಮ ಊರ ಬೇಸಿಗೇಲಿ ಮಾಮೂಲು. ಸ್ನಾನ ಆದ್ಮೇಲೆ ಆ ಜಾಗನ ಒತ್ತಿ ಒಣಗ್ಸಿ, ಮನೇಲಿರೋವಾಗ ಹಳೇ ಪಂಚೆ ಬಟ್ಟೆ ಮಡ್ಚಿ ಇಟ್ಕೊಳ್ಳಿ (ಹತ್ತಿಗೆ ಇಲ್ಲಿ ಮರ್ಯಾದೆ). ಕೆಂಪಗೆ ಅಂಚು ಕಟ್ಟಿ ಹರಡ್ತಿದ್ರೆ ಅದು ಫಂಗಸ್, ಚರ್ಮದ ಡಾಕ್ಟರ್‌ಗೆ ತೋರ್ಸಿ. ಮೆಡಿಕಲ್ ಶಾಪಲ್ಲಿ ಹೇಳಿದ ತಕ್ಷಣ ಕೊಡೋ, ಸ್ಟೆರಾಯ್ಡ್ ಬೆರ್ಸಿರೋ ಟ್ಯೂಬ್ ಹಚ್ಚಿದ್ರೆ ಎರಡು ದಿನ ತಣ್ಣಗಾಗಿ ಆಮೇಲೆ ಡಬಲ್ ಆಗುತ್ತೆ.

ಬೂಟು ಸಾಯಂಕಾಲ ಕೊಳ್ಳಿ, ದಿನಪೂರ್ತಿ ಓಡಾಡಿ ಪಾದ ಸ್ವಲ್ಪ ಊದಿರುತ್ತೆ ಆಗ. ಹೆಬ್ಬೆರಳು ಮುಂದೆ ಒಂದು ಬೆರಳಗಲ ಜಾಗ ಇರ್ಬೇಕು, ಅಗಲ ಸಾಲ್ದಿದ್ರೆ ಗಂಡಸರ ಬೂಟಲ್ಲಿ ನೋಡಿ, ನಾನು ಹಾಕ್ಕೊಳ್ಳೋದು ಅದೇ.

ಎಲ್ಲಿ ನಡೆಯೋದು, ಎಷ್ಟು ನಡೆಯೋದು

ಕುಂದವಾಡ ಕೆರೆ ಹತ್ರ ಬೆಳಿಗ್ಗೆ ಆರಕ್ಕೆ ಹೋದ್ರೆ ಜಾತ್ರೆ ಜನ, ಎಲ್ರೂ ನಿಮ್ಮನ್ನೇ ನೋಡ್ತಿದಾರೆ ಅಂತ ಅನ್ಸುತ್ತೆ. ನಂಗೂ ಅನ್ಸಿತ್ತು. ಮೊದಲ ವಾರ ದುಪಟ್ಟಾ ಹೊದ್ಕೊಂಡು ಅಂಚಲ್ಲೇ ನಡ್ದೆ, ಎಂಟನೇ ದಿನಕ್ಕೆ ಗೊತ್ತಾಯ್ತು, ಅರ್ಧ ಜನ ಫೋನ್ ನೋಡ್ತಿದಾರೆ, ಉಳಿದರ್ಧ ರಾಜಕೀಯ ಮಾತಾಡ್ತಿದಾರೆ. ಆದ್ರೂ ಕಷ್ಟ ಆದ್ರೆ ಮೊದಲ ತಿಂಗ್ಳು ಟೆರೇಸ್ ಮೇಲೇ ನಡೀರಿ, ಅಥವಾ ಮನೆ ಹಾಲ್‌ನಿಂದ ಅಡುಗೆಮನೆಗೆ, ಅದೂ ನಡಿಗೇನೇ. ಏಪ್ರಿಲ್ ಮೇ ತಿಂಗ್ಳಲ್ಲಿ ಮಾತ್ರ ಏಳು ಗಂಟೆ ಒಳಗೆ ಮುಗ್ಸಿ, ದಪ್ಪ ಮೈಗೆ ಬಿಸಿ ಹೊರಗೆ ಹೋಗೋದು ನಿಧಾನ, ಬಿಸಿಲಲ್ಲಿ ಸಾಹಸ ಬೇಡ.

ಶುರು ಮಾಡೋದು ಹತ್ತು ನಿಮಿಷದಿಂದ. ಐದು ನಿಮಿಷ ಹೋಗಿ, ಐದು ನಿಮಿಷ ವಾಪಸ್. ಹತ್ತೂ ಆಗ್ದಿದ್ರೆ ಮೂರು ನಿಮಿಷ ನಡ್ದು ಒಂದು ನಿಮಿಷ ಕಟ್ಟೆ ಮೇಲೆ ಕೂತು ಮತ್ತೆ ಏಳಿ. ಸ್ಪೀಡ್ ಎಷ್ಟು ಅಂದ್ರೆ, ಜೊತೆಗಿರೋ ಅತ್ತಿಗೆ ಹತ್ರ ನಾದಿನಿ ಬಗ್ಗೆ ಪೂರ್ತಿ ಕಥೆ ಹೇಳೋಕಾಗ್ಬೇಕು, ಆದ್ರೆ ಹಾಡು ಹೇಳೋಕಾಗ್ಬಾರ್ದು, ಅಷ್ಟು. ಮಾತೇ ಹೊರಡ್ತಿಲ್ಲ ಅಂದ್ರೆ ನಿಧಾನ ಮಾಡಿ. ವಾರಕ್ಕೆ ಎರಡು ಮೂರು ನಿಮಿಷ ಸೇರಿಸ್ತಾ ಹೋಗಿ. ವಿಶ್ವ ಆರೋಗ್ಯ ಸಂಸ್ಥೆಯವ್ರು 2020ರಲ್ಲಿ ಹೇಳಿರೋದು ದೊಡ್ಡೋರಿಗೆ ವಾರಕ್ಕೆ 150ರಿಂದ 300 ನಿಮಿಷ, ಜೊತೆಗೆ ಎರಡು ದಿನ ಮಾಂಸಖಂಡಕ್ಕೆ ಕೆಲ್ಸ. ಮೊದ್ಲೆಲ್ಲ ಒಂದೇ ಉಸಿರಿಗೆ ಹತ್ತು ನಿಮಿಷನಾದ್ರೂ ಮಾಡಿದ್ರೆ ಮಾತ್ರ ಲೆಕ್ಕ ಅಂತಿದ್ರು, ಆ ಷರತ್ತನ್ನ ಈಗ ತೆಗ್ದು ಹಾಕಿದಾರೆ. ಅಂದ್ರೆ ಮಂಡಿಪೇಟೆಗೆ ಸಾಮಾನು ತರೋಕೆ ಬಿರ್ರನೆ ನಡ್ದು ಹೋಗಿದ್ದೂ ಲೆಕ್ಕ, ಮೆಟ್ಲು ಹತ್ತಿದ್ದೂ ಲೆಕ್ಕ, 150 ಆಗ್ಲಿಲ್ಲ 60 ಆಯ್ತು ಅಂದ್ರೆ ಆ 60ಕ್ಕೂ ಬೆಲೆ ಇದೆ. ಶುಗರ್ ಇರೋರಿಗೆ ಊಟ ಆದ್ಮೇಲೆ ಹತ್ತು ಹದಿನೈದು ನಿಮಿಷ ನಿಧಾನ ನಡೆಯೋದು ಬಹಳ ಒಳ್ಳೇದು, ಉಂಡಿದ್ದು ರಕ್ತಕ್ಕೆ ಸೇರೋ ಟೈಮಲ್ಲೇ ಕಾಲಿನ ಮಾಂಸಖಂಡ ಅದನ್ನ ಎಳ್ಕೊಂಡು ಖರ್ಚು ಮಾಡುತ್ತೆ.

ಶಕ್ತಿ

ನಮ್ಮೂರು ಗರಡಿ ಮನೆ ಊರು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದ್ರೆ ಕುಸ್ತಿ ನೋಡೋಕೆ ಸುತ್ತಲಿನ ಹಳ್ಳಿ ಎಲ್ಲಾ ಬರುತ್ತೆ, ಅಖಾಡಕ್ಕೆ ಇಳಿಯೋ ಪೈಲ್ವಾನರಲ್ಲಿ ಎಷ್ಟು ಜನಕ್ಕೆ ಹೊಟ್ಟೆ ಇದೆ ನೋಡಿದೀರಾ? ತೊಡೆ ತಟ್ಟಿದ್ರೆ ಮೈ ಎಲ್ಲಾ ಅದುರುತ್ತೆ. ಅವ್ರಿಗೆ ಯಾರೂ ಡುಮ್ಮ ಅನ್ನಲ್ಲ, ಮೈಕಟ್ಟು ಅಂತಾರೆ. ಅದೇ ಮೈ ನಂದಾದ್ರೆ ಆನೆಮರಿ. ನಂಗೆ ಇದರ ಮೇಲೆ ಸಿಟ್ಟಿದೆ, ಇರ್ಲಿ. ದಪ್ಪ ಇರೋರಿಗೆ ಇದ್ರಲ್ಲೊಂದು ಲಾಭನೂ ಇದೆ, ದಿನಾ ಅಷ್ಟು ಭಾರ ಹೊತ್ತು ಓಡಾಡಿ ಓಡಾಡಿ ಕಾಲಿನ ಮಾಂಸಖಂಡ ಗಟ್ಟಿ ಇರುತ್ತೆ, ಅದಕ್ಕೇ ನಡಿಗೆಗಿಂತ ಶಕ್ತಿ ಕಸರತ್ತಲ್ಲಿ ನಾವು ಬೇಗ ಮುಂದೆ ಬರ್ತೀವಿ, ಬೇಗ ಖುಷಿನೂ ಸಿಗುತ್ತೆ.

ಕೈ ಇಲ್ಲದ ಗಟ್ಟಿ ಕುರ್ಚಿನ ಗೋಡೆಗೆ ಒತ್ತಿಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಕಾಲು ಅಗಲ ಆಗಿ ಮುರೀತವೆ, ಅನುಭವ. ಪಾದ ಅಗಲ ಇಟ್ಟು, ಬೆರಳು ಸ್ವಲ್ಪ ಹೊರಗೆ ತಿರುಗ್ಸಿ, ಹೊಟ್ಟೆ ಕೂರೋಕೆ ತೊಡೆ ನಡುವೆ ಜಾಗ ಬಿಟ್ಕೊಂಡು ಕೂತು ಏಳೋದು. ವಿಡಿಯೋದಲ್ಲಿ ಸಣ್ಣಗಿರೋ ಹುಡ್ಗಿ "ಕಾಲು ಜೋಡ್ಸಿ" ಅಂತಾಳೆ, ಅವಳ ಮಾತು ಕೇಳಿದ್ರೆ ಹೊಟ್ಟೆ ತೊಡೆಗೆ ಬಡ್ದು ಉಸಿರು ಕಟ್ಟುತ್ತೆ, ತಪ್ಪು ನಿಮ್ಮದಲ್ಲ, ಆ ಅಳತೆ ಅವಳದ್ದು. ಎಂಟು ಸಲ, ಸುಧಾರ್ಸ್ಕೊಂಡು ಇನ್ನೊಂದು ಎಂಟು. ಏಳೋವಾಗ ಉಸಿರು ಬಿಡಿ, ಬಿಗಿ ಹಿಡಿಬೇಡಿ, ಬಿಪಿ ಇರೋರು ಅದ್ರಲ್ಲೂ. ಆಮೇಲೆ ಗೋಡೆಗೆ ಕೈ ಕೊಟ್ಟು ತಳ್ಳೋದು ಹತ್ತು ಸಲ, ಅದು ಸಲೀಸಾದ್ಮೇಲೆ ಅಡುಗೆ ಕಟ್ಟೆಗೆ ಕೈ ಕೊಟ್ಟು. ಒಂದು ಲೀಟರ್ ನೀರಿನ ಬಾಟ್ಲಿ ಒಂದು ಕೆಜಿ, ಎರಡು ಕೈಗೆ ಎರಡು ಹಿಡ್ಕೊಂಡು ತಲೆ ಮೇಲಕ್ಕೆ ಎತ್ತಿ. ಐದು ಕೆಜಿ ಅಕ್ಕಿ ಚೀಲ ಅಪ್ಕೊಂಡು ಹಾಲ್‌ನಲ್ಲಿ ನಾಲ್ಕು ಸುತ್ತು, ಸೊಂಟಕ್ಕೆ ಅಂಥ ಔಷಧಿ ಇಲ್ಲ. ವಾರಕ್ಕೆ ಎರಡು ದಿನ ಸಾಕು, ನಡುವೆ ಒಂದೆರಡು ದಿನ ಗ್ಯಾಪ್ ಇರ್ಲಿ.

ನೆಲದಿಂದ ಏಳೋದು ಬೇರೇನೇ ಪಾಠ. ನಮ್ಮಲ್ಲಿ ಸತ್ಯನಾರಾಯಣ ಪೂಜೆಗೆ ಕೂತ್ರೆ, ಪಂಕ್ತಿ ಊಟಕ್ಕೆ ಕೂತ್ರೆ, ಬಟ್ಟೆ ಕತ್ತರಿಸೋಕೆ ಕೂತ್ರೆ ಏಳ್ಬೇಕಲ್ಲ. ಎಲ್ಲರೆದುರು ಏಳೋಕಾಗಲ್ಲ ಅಂತ ಎಷ್ಟೋ ಜನ ಪಂಕ್ತೀಲಿ ಕೂರೋದನ್ನೇ ಬಿಟ್ಟಿರ್ತಾರೆ. ಮನೇಲಿ ಮಂಚದ ಪಕ್ಕ ಕೂತು ಅಭ್ಯಾಸ ಮಾಡಿ: ಮೊದ್ಲು ಒಂದು ಪಕ್ಕಕ್ಕೆ ಹೊರಳಿ, ಎರಡು ಕೈ ನೆಲಕ್ಕೆ ಊರಿ, ಅಂಬೆಗಾಲಿಗೆ ಬನ್ನಿ, ಒಂದು ಪಾದ ಮುಂದೆ ಇಟ್ಟು, ಮಂಚಕ್ಕೆ ಕೈ ಒತ್ತಿ ಏಳಿ. ಮೊಣಕಾಲ ಕೆಳಗೆ ಮಡಚಿದ ಕಂಬಳಿ ಹಾಸ್ಕೊಳ್ಳಿ. ದಿನಾ ಎರಡು ಸಲ ಮಾಡಿದ್ರೆ ಒಂದೆರಡು ತಿಂಗ್ಳಲ್ಲಿ ಮಂಚ ಬೇಡ ಅನ್ಸುತ್ತೆ. ನನಗೆ ನಾಲ್ಕು ತಿಂಗ್ಳು ಹಿಡೀತು.

ಯೋಗ ಮಾಡೋರು ಹೊಟ್ಟೆ ಅಡ್ಡ ಬರೋ ಕಡೆ ಕಾಲು ಅಗಲಿಸಿ, ಕೈ ಪಾದಕ್ಕೆ ಮುಟ್ದಿದ್ರೆ ಟವಲ್ ಸುತ್ತಿ ಹಿಡೀರಿ, ಸೂರ್ಯ ನಮಸ್ಕಾರನ ಕುರ್ಚಿ ಹಿಡ್ಕೊಂಡೂ ಮಾಡ್ಬಹುದು. ಜಿಮ್ಮಿಗೆ ಸೇರೋದಾದ್ರೆ ದುಡ್ಡು ಕಟ್ಟೋ ಮೊದ್ಲು ಒಂದಿನ ಸುಮ್ನೆ ಕೂತು ನೋಡಿ. ಟ್ರೇನರ್ ಬಾಯಲ್ಲಿ ಮೊದಲ ಪ್ರಶ್ನೆ "ಎಷ್ಟು ಕೆಜಿ ಇಳಿಸ್ಬೇಕು ಮೇಡಂ" ಅಂತಾನೇ ಬಂದ್ರೆ, "ಇಳಿಸೋಕಲ್ಲ ಸರ್, ಮೆಟ್ಲು ಹತ್ತೋಕೆ" ಅಂತ ಹೇಳಿ ಮುಖ ನೋಡಿ, ಅರ್ಥ ಆಗ್ದಿದ್ರೆ ಬೇರೆ ಜಿಮ್ ನೋಡ್ಕೊಳ್ಳಿ. ಟ್ರೆಡ್‌ಮಿಲ್‌ಗೆ ಎಷ್ಟು ಕೆಜಿವರೆಗೆ ತಡೆಯುತ್ತೆ ಅಂತ ಸ್ಟಿಕ್ಕರ್ ಇರುತ್ತೆ, ಹತ್ತೋ ಮೊದ್ಲು ಓದ್ಕೊಳ್ಳಿ.

ಮೊಣಕಾಲು ನೋವು ಮತ್ತು ಡಾಕ್ಟರ್

ಮೊಣಕಾಲಿಗೆ ತೋರ್ಸೋಕೆ ನಾನು ಒಂದು ಕಡೆ ಹೋದಾಗ ಕುರ್ಚಿ ಮೇಲೆ ಪೂರ್ತಿ ಕೂತಿರ್ಲಿಲ್ಲ, "ಮೊದ್ಲು ಇಪ್ಪತ್ತು ಕೆಜಿ ಇಳ್ಸಮ್ಮ, ಆಮೇಲೆ ಬಾ" ಅಂದ್ರು. ಕಾಲು ಮುಟ್ಟಿನೂ ನೋಡ್ಲಿಲ್ಲ. ಇಪ್ಪತ್ತು ಕೆಜಿ ಇಳಿಯೋವರೆಗೆ ನೋವು ಯಾರ ಮನೇಲಿಡ್ಲಿ? ಹೊರಗೆ ಬಂದು ಅತ್ತೆ. ಆರು ತಿಂಗ್ಳಾದ್ಮೇಲೆ ಬೇರೆ ಕಡೆ ಫಿಜಿಯೋಥೆರಪಿ ಮಾಡೋ ಹೆಣ್ಮಗಳೊಬ್ಬಳು ತೊಡೆ ಮುಂಭಾಗದ ಮಾಂಸ ಗಟ್ಟಿ ಮಾಡೋ ಕಸರತ್ತು ಹೇಳ್ಕೊಟ್ಲು: ಕುರ್ಚಿ ಮೇಲೆ ಕೂತು ಕಾಲು ನೀಟಾಗಿ ಮುಂದೆ ಚಾಚಿ ಐದು ಎಣಿಸಿ ಇಳಿಸೋದು, ಒಂದೊಂದು ಕಾಲಿಗೆ ಹತ್ತು ಸಲ. ಸವೆದ ಮೊಣಕಾಲಿಗೆ ಕಸರತ್ತೇ ಮೊದಲ ಚಿಕಿತ್ಸೆ ಅಂತ ಈಗ ಎಲ್ಲಾ ಕಡೆ ಒಪ್ಕೊಂಡಿದಾರೆ, ಅದು ಯಾವ ತೂಕದೋರಿಗೂ ಅನ್ವಯ. ತೂಕ ಇಳಿದ್ರೆ ಮೊಣಕಾಲಿಗೆ ಹಗುರ ಆಗೋದು ನಿಜಾನೇ, ಅದಕ್ಕೆ ಕಾಯ್ತಾ ಕೂರ್ಬೇಕಾಗಿಲ್ಲ. ಕಸರತ್ತು ಮಾಡೋವಾಗ ಸ್ವಲ್ಪ ನೋವು ಬಂದು ಮಾರನೇ ದಿನ ಹೋದ್ರೆ ಚಿಂತೆ ಇಲ್ಲ, ಊದ್ಕೊಂಡ್ರೆ, ಚುಚ್ಚಿದಂಗಾದ್ರೆ, ಕಾಲು ಸಿಕ್ಕಿ ಹಾಕ್ಕೊಂಡಂಗಾದ್ರೆ ನಿಲ್ಸಿ ತೋರ್ಸಿ.

ಯಾವ ಡಾಕ್ಟರ್ ಹತ್ರ ಹೋದ್ರೂ ಇದೊಂದು ಮಾತು ಜೇಬಲ್ಲಿಟ್ಕೊಂಡು ಹೋಗಿ, ಮೆತ್ತಗೆ ಕೇಳಿ: "ಸರ್, ಇದೇ ನೋವು ಸಣ್ಣಗಿರೋರಿಗೆ ಬಂದಿದ್ರೆ ಏನ್ ಮಾಡೋಕೆ ಹೇಳ್ತಿದ್ರಿ? ಅದನ್ನ ನನಗೂ ಹೇಳ್ರಿ." ಬಿಪಿ ನೋಡೋವಾಗ ತೋಳು ದಪ್ಪ ಇದ್ರೆ ದೊಡ್ಡ ಪಟ್ಟಿ ಕೇಳಿ ಹಾಕಿಸ್ಕೊಳ್ಳಿ, ಚಿಕ್ಕ ಪಟ್ಟಿ ಬಿಗಿದ್ರೆ ಇಲ್ಲದ ಬಿಪಿ ಇದೆ ಅಂತ ತೋರಿಸುತ್ತೆ.

ಜನರ ಬಾಯಿ

ಮದ್ವೆ ಮನೆಗೆ ಹೋಗಿ ಚಪ್ಪಲಿ ಬಿಡೋ ಮೊದ್ಲೇ "ಏನವಾ ಇಷ್ಟು ದಪ್ಪ ಆಗಿದೀಯ, ಥೈರಾಯ್ಡಾ?" ಅಂತ ಕೇಳೋ ಸೋದರತ್ತೆ ಎಲ್ಲರಿಗೂ ಒಬ್ರು ಇರ್ತಾರೆ. ಮೊದ್ಲು ನಾನು ಲಿಸ್ಟ್ ಕೊಡ್ತಿದ್ದೆ, ವಾಕಿಂಗ್ ಮಾಡ್ತಿದೀನಿ ಅತ್ತೆ, ರಾತ್ರಿ ಅನ್ನ ಬಿಟ್ಟಿದೀನಿ ಅತ್ತೆ. ಲಿಸ್ಟ್ ಕೊಟ್ಟಷ್ಟೂ ಅವ್ರ ಹತ್ರ ಸಲಹೆ ಹುಟ್ಟುತ್ತೆ, ಜೀರಿಗೆ ನೀರು ಕುಡಿ, ನಿಂಬೆಹಣ್ಣು ಜೇನುತುಪ್ಪ ಕುಡಿ. ಈಗ "ಹೌದತ್ತೆ, ದಪ್ಪ ಇದೀನಿ, ನಿಮ್ಮದು ಊಟ ಆಯ್ತಾ?" ಅಂತೀನಿ, ಅಷ್ಟೇ. ಮುಂದಕ್ಕೆ ಮಾತು ಎಲ್ಲಿಗೂ ಹೋಗಲ್ಲ. ಗಂಡ ಅಥವಾ ಅಮ್ಮನ ಜೊತೆ ಹಿಂಗೆ ಮುಗ್ಸೋಕಾಗಲ್ಲ, ದಿನಾ ಇರೋರು, ಅವ್ರಿಗೆ ಏನು ಮಾಡ್ಬೇಕು ಅಂತ ಕೆಲ್ಸ ಹಚ್ಚಿ: "ಆರರಿಂದ ಆರೂವರೆ ನಾನು ಇರಲ್ಲ, ಹಾಲು ನೀವು ಕಾಯ್ಸಿ."

ನಾನು ಮಾಡಿದ್ದ ತಪ್ಪೊಂದು ಹೇಳ್ಬೇಕು. ಅಂಗಡೀಲಿ ಅಳತೆ ತಗೋವಾಗ ನಂಬರ್ ಗಟ್ಟಿಯಾಗಿ ಕೂಗ್ತಿದ್ದೆ, ಹುಡ್ಗಿ ಬರ್ಕೊಳ್ಳೋಳು. ಒಂದಿನ ಒಬ್ರು ತಾಯಿ 13 ವರ್ಷದ ಮಗಳನ್ನ ಲಂಗ ದಾವಣಿಗೆ ಕರ್ಕೊಂಡು ಬಂದ್ರು, "ಇವ್ಳಿಗೆ ಸೊಂಟ ಎಲ್ಲೈತೆ ಹುಡುಕ್ರಿ ಅಕ್ಕಾ" ಅಂತ ನಕ್ರು, ನಾನೂ ನಕ್ಕು ಸೊಂಟದ ಅಳತೆ ಕೂಗ್ದೆ. ಅಂಗಡೀಲಿ ಇನ್ನೂ ನಾಲ್ಕು ಜನ ಇದ್ರು. ಆ ಮಗು ನೆಲ ನೋಡ್ತಾ ನಿಂತಿದ್ದು ಇನ್ನೂ ಕಣ್ಮುಂದೆ ಇದೆ. ಅವತ್ತಿಂದ ನಂಬರ್ ನಾನೇ ಬರ್ಕೋತೀನಿ. ಮನೇಲಿ ಮಕ್ಕಳಿದ್ರೆ ನಿಮ್ಮ ಮೈನ ನೀವೇ ಅವ್ರ ಮುಂದೆ ಬೈಕೊಳ್ಳೋದನ್ನ ನಿಲ್ಲಿಸಿ, ಕನ್ನಡಿ ಮುಂದೆ "ಥೂ ಏನಿದು ಹೊಟ್ಟೆ" ಅನ್ನೋದನ್ನ ಅವು ಕೇಳಿಸ್ಕೊಂಡು ತಮ್ಮ ಹೊಟ್ಟೆ ಮುಟ್ಟಿ ನೋಡ್ಕೊಳ್ತವೆ.

ಊಟ

ಇದ್ರ ಬಗ್ಗೆ ಸ್ವಲ್ಪನೇ ಹೇಳ್ತೀನಿ. ದಾವಣಗೇರೇಲಿದ್ದು ಬೆಣ್ಣೆ ದೋಸೆ ಬಿಡು ಅನ್ನೋದು ಆಗೋ ಮಾತಲ್ಲ. ನಾಲ್ಕು ಸಲ ಡಯಟ್ ಮಾಡಿದೀನಿ, ನಾಲ್ಕು ಸಲನೂ ಇಳಿದಿದ್ದು ವಾಪಸ್ ಬಂದಿದೆ, ಬಡ್ಡಿ ಸೇರ್ಸಿ. ಉಪವಾಸ ಬಿದ್ರೆ ಮೈ ಖರ್ಚು ಕಮ್ಮಿ ಮಾಡ್ಕೊಂಡು ಹಸಿವು ಜಾಸ್ತಿ ಮಾಡುತ್ತೆ, ಅದು ಮೈಯ ಬುದ್ಧಿವಂತಿಕೆ, ನಿಮ್ಮ ಚಟ ಅಲ್ಲ. ಬೆಳಿಗ್ಗೆ ನಡೆಯೋ ಮೊದ್ಲು ಒಂದು ಬಾಳೆಹಣ್ಣು, ಬಂದ್ಮೇಲೆ ಹೊಟ್ಟೆ ತುಂಬ ತಿಂಡಿ, ಕಾಳು ಮೊಳಕೆ ಸೊಪ್ಪು ಎಲ್ಲಾದ್ರಲ್ಲೂ ಸೇರಿಸ್ಕೊಳ್ಳಿ, ಕಸರತ್ತು ಮಾಡೋರಿಗೆ ಪ್ರೋಟೀನ್ ಬೇಕು. ದೋಸೆ ತಿಂದಿದ್ದಕ್ಕೆ ದಂಡ ಅಂತ ಎರಡು ಸುತ್ತು ಜಾಸ್ತಿ ನಡೀಬೇಡಿ, ಹಂಗೆ ಮಾಡಿದ್ರೆ ನಡಿಗೆ ಶಿಕ್ಷೆ ಆಗ್ಬಿಡುತ್ತೆ, ಶಿಕ್ಷೆನ ಯಾರು ಜಾಸ್ತಿ ದಿನ ಮಾಡ್ತಾರೆ. ಸಾಯಂಕಾಲ ಮಂಡಕ್ಕಿ ಮಿರ್ಚಿಗೂ ಇದೇ ಮಾತು. ಶುಗರ್ ಬಿಪಿ ಇರೋರು ಮಾತ್ರ ನಿಮ್ಮ ಡಾಕ್ಟರ್ ಹೇಳಿದ ಪಥ್ಯ ಮಾಡಿ, ಅದ್ರಲ್ಲಿ ಟೈಲರ್ ಮಾತು ಕೇಳ್ಬೇಡಿ.

ತೂಕದ ಮಿಷಿನ್ ಬದಲು ಒಂದು ಹಳೇ ನೋಟ್‌ಬುಕ್ ಇಟ್ಕೊಳ್ಳಿ. ನಂದ್ರಲ್ಲಿ ಏನಿದೆ ಅಂದ್ರೆ: ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದೆ (ಮೊದಲ ದಿನ 6, ಈಗ 15), ಮಾಡಿಗೆ ಹೋಗೋವಾಗ ಎಲ್ಲಿ ನಿಂತೆ, ಬಿಪಿ, ರಾತ್ರಿ ಎಷ್ಟು ಸಲ ಎಚ್ಚರ ಆಯ್ತು, ಸೊಂಟ ನೋವಿಗೆ ಹತ್ತಕ್ಕೆ ಎಷ್ಟು ಮಾರ್ಕ್ಸ್. ತಿಂಗ್ಳಿಗೊಂದ್ಸಲ ಬರ್ದ್ರೆ ಸಾಕು. ಹದಿನೈದು ದಿನ ಬಿಟ್ಟು ಹೋಯ್ತು, ಹಬ್ಬ ಬಂತು, ಜ್ವರ ಬಂತು ಅಂದ್ರೆ ಮತ್ತೆ ಹತ್ತು ನಿಮಿಷದಿಂದ ಶುರು ಮಾಡಿ, ಬಿಟ್ಟಿದ್ದನ್ನ ತುಂಬ್ಸೋಕೆ ಹೋಗ್ಬೇಡಿ. ನಂದು ಪ್ರತಿ ವರ್ಷ ಗೌರಿ ಗಣೇಶದಿಂದ ದೀಪಾವಳಿವರೆಗೆ ಬಿಟ್ಟೇ ಹೋಗುತ್ತೆ, ಆರ್ಡರ್ ಅಷ್ಟಿರುತ್ತೆ.

ಕಳೆದ ಚಳಿಗಾಲದಲ್ಲಿ ನಾವು ನಾಲ್ಕು ಜನ ವಾಕಿಂಗ್ ಗೆಳತೀರು ಚಿತ್ರದುರ್ಗದ ಕೋಟೆಗೆ ಹೋದ್ವಿ, ಇಲ್ಲಿಂದ 60 ಕಿಲೋಮೀಟರ್ ಹತ್ರ ಇರೋ ಊರು, ನಾನು ಶಾಲೇಲಿದ್ದಾಗ ನೋಡಿದ್ದು ಬಿಟ್ರೆ ಇಲ್ಲ. ಏಳು ಸುತ್ತಿನ ಕೋಟೆ, ಬಂಡೆ ಮೆಟ್ಲು, ನಾನು ಒಂಬತ್ತು ಕಡೆ ಕೂತೆ, ಎಣಿಸಿದೀನಿ. ಓಬವ್ವನ ಕಿಂಡಿ ಹತ್ರ ಹಿಂದೆ ಇದ್ದ ಯಾರೋ ಹುಡುಗ "ಆಂಟಿ ಇದ್ರಲ್ಲಿ ತೂರಲ್ಲ ಬಿಡ್ರೋ" ಅಂದ. ನನ್ನ ಗೆಳತಿ ಹಿಂದೆ ತಿರುಗಿ "ಇದ್ರಲ್ಲಿ ತೂರಿದೋರಿಗೆ ಏನಾಯ್ತು ಗೊತ್ತೇನಪ್ಪಾ? ಆಂಟಿ ಒನಕೆ ಹಿಡ್ಕೊಂಡು ಈ ಕಡೆ ನಿಲ್ತಾಳೆ" ಅಂದ್ಲು, ಆ ಹುಡುಗರ ಗುಂಪೇ ನಕ್ಬಿಡ್ತು, ನಾನೂ ನಕ್ಕೆ.

ನೀವೂ ಹೋಗೋದಾದ್ರೆ ಬೆಳಿಗ್ಗೆ ಬೇಗ ಹತ್ತಿ, ಬಂಡೆ ಕಾದ್ಮೇಲೆ ಕಷ್ಟ, ನೆರಳು ಕಮ್ಮಿ. ತಲಾ ಎರಡು ಬಾಟ್ಲಿ ನೀರು, ತಳ ಹಿಡಿಯೋ ಬೂಟು, ಇಳಿಯೋವಾಗ ಮೊಣಕಾಲು ಅದುರಿದ್ರೆ ಪಕ್ಕಕ್ಕೆ ತಿರುಗಿ ಒಂದೊಂದೇ ಮೆಟ್ಲು ಇಳೀರಿ. ಸೌತೆಕಾಯಿ ಕೈಯಲ್ಲಿ ಹಿಡ್ಕೊಂಡು ನಡೀಬೇಡಿ, ಅಲ್ಲಿನ ಕೋತಿಗಳು ನಿಮ್ಮ ಸೈಜ್ ನೋಡಲ್ಲ, ಸೌತೆಕಾಯಿ ಮಾತ್ರ ನೋಡ್ತವೆ.